ಮೊದಲು ಕಾಗದ, ಆಮೇಲೆ ಚಾವಿ: ಹಳೇ ಕಾರು ಕೊಳ್ಳಲು ಬರುವವರಿಗೆ ಒಂದು ಬಹಿರಂಗ ಪತ್ರ

ಗೆ,
ಹಳೇ ಕಾರು ಹುಡುಕಿಕೊಂಡು ಕಲಬುರಗಿಗೆ ಬರುವ ಸಂಗ್ರಾಹಕರಿಗೆ, ಡೀಲರುಗಳಿಗೆ ಮತ್ತು ದಲಾಲರಿಗೆ

ವಿಷಯ: ನಮ್ಮ ಮನೆಯ 1970ರ ಫಿಯಟ್ ಮಾರಾಟ ಮತ್ತು ನಿಮ್ಮ ವ್ಯವಹಾರದ ರೀತಿ ಕುರಿತು

ಮಾನ್ಯರೇ,

ನಮ್ಮ ಫಿಯಟ್ ಮಾರಾಟಕ್ಕಿದೆ ಎಂಬ ಸುದ್ದಿ ನಿಮಗೆ ತಲುಪಿ ಬಹಳ ದಿನವಾಯಿತು. ನಾವು ಹೇಳಿದ್ದು ಒಬ್ಬ ಮಿಸ್ತ್ರಿಗೆ ಮಾತ್ರ. ಅದು ಸ್ಟೇಷನ್ ಬಜಾರಿನಿಂದ ಸೊಲ್ಲಾಪುರಕ್ಕೆ, ಅಲ್ಲಿಂದ ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೇಗೆ ಹೋಯಿತೋ ಗೊತ್ತಿಲ್ಲ. ಫೋನ್ ಮಾಡಿದಿರಿ, ಮನೆಗೆ ಬಂದಿರಿ, ಬೋನೆಟ್ ಎತ್ತಿ ನೋಡಿದಿರಿ, ಫೋಟೋ ಹೊಡೆದುಕೊಂಡಿರಿ. ಬಂದವರಲ್ಲಿ ಒಳ್ಳೆಯವರೂ ಇದ್ದರು. ಆದರೆ ಬಹುತೇಕರ ಮಾತು, ನಡವಳಿಕೆ ನೋಡಿದ ಮೇಲೆ ಇದನ್ನು ಎಲ್ಲರ ಮುಂದೆ ಹೇಳಿಬಿಡುವುದೇ ವಾಸಿ ಅನ್ನಿಸಿತು. ಯಾರ ಹೆಸರನ್ನೂ ಬರೆಯುವುದಿಲ್ಲ. ಓದಿದರೆ ನಿಮ್ಮ ನಿಮ್ಮ ಪಾಲು ನಿಮಗೇ ಗೊತ್ತಾಗುತ್ತದೆ.

ಇನ್ನೂ ಕೆಲವು ಮನೆಗಳ ಪರವಾಗಿಯೂ ಇದನ್ನು ಬರೆಯುತ್ತಿದ್ದೇನೆ. ಬ್ರಹ್ಮಪುರದ ಹಳೇ ಮನೆಗಳಲ್ಲಿ, ಬೀದರಿನ ಕೋಟೆ ಪಕ್ಕದ ಓಣಿಗಳಲ್ಲಿ, ಯಾದಗಿರಿ ಕಡೆ ಜಮೀನ್ದಾರರ ವಾಡೆಗಳಲ್ಲಿ ತಾಡಪತ್ರಿ ಹೊದ್ದು ನಿಂತ ಕಾರುಗಳು ಇವತ್ತಿಗೂ ಇವೆ. ಯಜಮಾನರು ತೀರಿಹೋಗಿದ್ದಾರೆ, ಮಕ್ಕಳು ಹೊರ ಊರಿನಲ್ಲಿದ್ದಾರೆ, ಮನೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಇದ್ದಾಳೆ. ನೀವು ಹುಡುಕುವುದು ಇಂಥ ಮನೆಗಳನ್ನೇ.

ಮೊದಲು ಕಾರಿನ ವಿಷಯ ಹೇಳುತ್ತೇನೆ. ನಮ್ಮ ಅಜ್ಜನದು ಗಂಜಿನಲ್ಲಿ ಅಡತಿ ಅಂಗಡಿ. ತೊಗರಿ, ಜೋಳ, ಕಡಲೆ ವ್ಯಾಪಾರ. ಆಗ ಕಾರು ಬೇಕೆಂದರೆ ಮಾರುಕಟ್ಟೆಯಲ್ಲಿ ಇದ್ದದ್ದೇ ಮೂರು: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಯಟ್‌ಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಜ್ಜ ಕಾದರು. ಕಾರು ತಯಾರಾಗುತ್ತಿದ್ದದ್ದು ಮುಂಬೈನ ಕುರ್ಲಾದಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಆ ಕಂಪನಿ ಕಟ್ಟಿದ ವಾಲಚಂದ್ ಹಿರಾಚಂದ್ ಹುಟ್ಟಿದ್ದು ಇಲ್ಲೇ ಪಕ್ಕದ ಸೊಲ್ಲಾಪುರದಲ್ಲಿ. ಹಾಗಾಗಿ ಅಜ್ಜ ಇದನ್ನು 'ನಮ್ಮ ಕಡೆಯವ್ರು ಮಾಡಿದ ಗಾಡಿ' ಎನ್ನುತ್ತಿದ್ದರು. ಮೂಲ ಇಟಲಿಯದು ಎಂದು ಅಪ್ಪ ನೆನಪಿಸಿದರೆ ಕೇಳಿಸಲೇ ಇಲ್ಲ ಎಂಬಂತೆ ಕೂರುತ್ತಿದ್ದರು.

ನಿಮ್ಮಲ್ಲಿ ಹಲವರು ಇದನ್ನು ಪದ್ಮಿನಿ ಎಂದು ಕರೆದು, ಪದ್ಮಿನಿಯ ರೇಟು ಹೇಳುತ್ತೀರಿ. ಪದ್ಮಿನಿ ಅಲ್ಲ ಇದು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್ ಮಾದರಿ. ಇದೇ ಸಾಲಿನ ಮುಂದಿನ ಕಾರುಗಳಿಗೆ ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ದಿನವೂ ಹಳೇ ಕಾರು ಮಾರಿ ಬದುಕುವ ನಿಮಗೆ ಇದು ಗೊತ್ತಿಲ್ಲ ಎಂದು ನಾನಂತೂ ನಂಬುವುದಿಲ್ಲ. ಗೊತ್ತಿದ್ದೇ ಹೇಳುತ್ತೀರಿ.

1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರ್, ಮುಂದೆ ಉದ್ದನೆಯ ಒಂದೇ ಸೀಟು. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿ ಬುಕ್ಕಿನೊಂದಿಗೆ ತಾಳೆಯಾಗುತ್ತವೆ. ಗಾಡಿ ನಂಬರ್ 'ಎಂ.ವೈ.' ಎಂದು ಶುರುವಾಗುತ್ತದೆ. ಅದು ಮೈಸೂರು ರಾಜ್ಯದ ಗುರುತು, 1973ರ ನವೆಂಬರ್ 1ರಂದು ಕರ್ನಾಟಕ ಎಂದು ಹೆಸರಾಗುವ ಮೊದಲಿನದು. ಆಮೇಲೆ ಗುಲಬರ್ಗಾ ಹೋಗಿ ಕಲಬುರಗಿ ಆಯಿತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಗಾಡಿ ನಂಬರ್ ಮಾತ್ರ ಹಾಗೇ ಇದೆ.

ಇನ್ನು ತಗಡು. ಮುಂಬೈ, ಮಂಗಳೂರು ಕಡೆ ಉಪ್ಪುಗಾಳಿ, ಬಿಡದ ಮಳೆ. ಅಲ್ಲಿ ಈ ವಯಸ್ಸಿನ ಕಾರಿನ ಫ್ಲೋರ್, ಬಾಗಿಲ ಕೆಳಗಿನ ಪಟ್ಟಿ, ಮಡ್‌ಗಾರ್ಡು ಒಳಗಿಂದಲೇ ತುಕ್ಕು ಹಿಡಿದು ಉದುರುತ್ತವೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ನಮ್ಮದು ಒಣ ಹವೆ. ನಮ್ಮ ಬಿಸಿಲು ರಬ್ಬರ್ ತಿನ್ನುತ್ತದೆ, ಬಣ್ಣ ತಿನ್ನುತ್ತದೆ, ಡ್ಯಾಶ್‌ಬೋರ್ಡ್ ಬಿರಿಯುವಂತೆ ಮಾಡುತ್ತದೆ. ಆದರೆ ನೆರಳಲ್ಲಿ ನಿಂತ ಗಾಡಿಯ ತಗಡಿಗೆ ಏನೂ ಆಗುವುದಿಲ್ಲ. ನೀವು ಅಷ್ಟು ದೂರದಿಂದ ಪೆಟ್ರೋಲ್ ಸುಟ್ಟುಕೊಂಡು ನಮ್ಮ ಮೂರು ಜಿಲ್ಲೆ ಸುತ್ತುವುದು ಇದೇ ಕಾರಣಕ್ಕೆ ಅಲ್ವಾ? ಹಾಗಿದ್ದೂ ಮನೆ ಬಾಗಿಲಿಗೆ ಬಂದ ಕೂಡಲೇ 'ಬಿಸಿಲೂರಿನ ಗಾಡಿ, ಒಣಗಿ ಹೋಗ್ಯಾದ' ಎಂದು ಶುರು ಮಾಡುತ್ತೀರಿ.

ಈ ಗಾಡಿ ಸುಮ್ನೆ ಉಳಿದದ್ದಲ್ಲ. ಶಹಾಬಾದ್ ಕಲ್ಲು ಹಾಸಿದ ಶೆಡ್ಡಿನಲ್ಲಿ ನಿಲ್ಲಿಸಿ, ಪ್ರತಿ ಭಾನುವಾರ ಅಪ್ಪ ಇದನ್ನು ಹೊರಗೆ ತೆಗೆಯುತ್ತಿದ್ದರು. ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ ಸುತ್ತಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮನೆಗೆ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರಿನೊಳಗೆ ನೀರು ನಿಂತು ತೂತು ಬೀಳುತ್ತದೆ ಎಂದು ಅವರು ಹೇಳುತ್ತಿದ್ದರು. ಬೇಸಿಗೆಯಲ್ಲಿ ಗಾಣಗಾಪುರಕ್ಕೋ ಹುಮನಾಬಾದಿಗೋ ಹೊರಟರೆ ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು, ಒಂದು ಹಳೇ ಬಟ್ಟೆ ಇರಲೇಬೇಕು. ಬಿಸಿಗೆ ಎಂಜಿನ್ನಿನ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಗಿಡದ ನೆರಳಲ್ಲಿ ಕೂತು, ಶೇಂಗಾ ತಿಂದು ಮುಂದೆ ಹೊರಡುವುದು. ಆಯಿಲ್ ಬದಲಿಸಿದ್ದು, ಪಾಯಿಂಟ್ ಸೆಟ್ ಹಾಕಿದ್ದು, ಕ್ಲಚ್ ಪ್ಲೇಟ್ ತಂದಿದ್ದು ಎಲ್ಲವೂ ಅಪ್ಪನ ನೋಟುಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕ ಗಾಡಿಯ ಜೊತೆಗೇ ಹೋಗುತ್ತದೆ. ಈಚೆಗೆ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಬರತೊಡಗಿದ ಮೇಲೆ ಹಳೇ ರಬ್ಬರ್ ಪೈಪುಗಳು ಉಬ್ಬಿ ಬಿರುಕು ಬಿಡುತ್ತವೆ ಎಂದು ಮಿಸ್ತ್ರಿ ಹೇಳಿದರು. ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಬದಲಿಸಿದ್ದೇವೆ.

ಕೊರತೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ಒಮ್ಮೆ ಸೊಲ್ಲಾಪುರದಲ್ಲಿ ಪೂರ್ತಿ ಬಣ್ಣ ಮಾಡಿಸಿದೆ, ಕಂಪನಿ ಬಣ್ಣ ಅಲ್ಲ. ಹಿಂದಿನ ಬಲಗಡೆ ಗಾಜು ಬೇರೆ ಗಾಡಿಯದು. ಬಾಗಿಲಿನ ಬೀಡಿಂಗ್ ಹೋಗಿದೆ. ಸ್ಪೀಡೋಮೀಟರಿನ ಮುಳ್ಳು ಮನಸ್ಸು ಬಂದರೆ ಏಳುತ್ತದೆ. ಎರಡನೇ ಗೇರಿಗೆ ಇಳಿಸುವಾಗ ಸ್ವಲ್ಪ ಸಮಾಧಾನ ಬೇಕು. ಇದಕ್ಕಿಂತ ಜಾಸ್ತಿ ದೋಷ ನಿಮ್ಮ ಕಣ್ಣಿಗೆ ಬಿದ್ದರೆ ಹೇಳಿ, ಬೆಲೆಯಲ್ಲಿ ಲೆಕ್ಕ ಹಾಕೋಣ. ಎತ್ತು ಕೊಳ್ಳುವವರು ಹಲ್ಲು ನೋಡಿಯೇ ನೋಡುತ್ತಾರೆ, ಅದಕ್ಕೆ ನಮಗೆ ಬೇಜಾರಿಲ್ಲ.

ಬೇಜಾರು ಆಗಿರುವುದು ಬೇರೆ ಕಾರಣಕ್ಕೆ.

ಬಂದವರಲ್ಲಿ ಒಬ್ಬರು ಗಾಡಿ ಕಡೆ ನೋಡುವ ಮೊದಲೇ ಅವ್ವನ ಎದುರು ಕೂತು ಹೇಳಿದರು: 'ಅವ್ವಾರ, ಹದಿನೈದು ವರ್ಷ ಆದ ಗಾಡಿ ಸರ್ಕಾರದವ್ರು ಹೊತ್ಕೊಂಡು ಹೋಗ್ತಾರ. ಈಗ ಕೊಟ್ರ ನಾಕು ರೊಕ್ಕ ಬರ್ತಾವ, ನಾಳೆ ಗುಜರಿಗೇ ಗತಿ.' ಅವ್ವನಿಗೆ ಎಂಬತ್ತು ದಾಟಿದೆ. ಆ ರಾತ್ರಿ ಆಕೆ ನಿದ್ದೆ ಮಾಡಲಿಲ್ಲ. ಆಮೇಲೆ ಬಂದ ಹಲವರ ಬಾಯಲ್ಲೂ ಇದೇ ಮಾತು. ಇದು ನಿಮ್ಮ ಧಂದೆಯ ಮೊದಲ ಪಾಠ ಇರಬೇಕು.

ಮೂರು ಬೇರೆ ಬೇರೆ ಸಂಗತಿಗಳನ್ನು ನೀವು ಒಂದೇ ಚೀಲಕ್ಕೆ ತುಂಬುತ್ತೀರಿ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಎಂಬ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು. ಕಲಬುರಗಿ ದೆಹಲಿಯಲ್ಲಿಲ್ಲ. ಇನ್ನು 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಗಾಡಿಗಳ ನೋಂದಣಿ ರದ್ದು ಎಂದದ್ದು ಸರ್ಕಾರದ ಸ್ವಂತ ಗಾಡಿಗಳಿಗೆ. ನಮ್ಮ ಅಜ್ಜ ತಹಶೀಲ್ದಾರರಾಗಿರಲಿಲ್ಲ, ಅಡತಿ ವ್ಯಾಪಾರಿ. ಖಾಸಗಿ ಕಾರಿಗೆ ನಮ್ಮ ರಾಜ್ಯದಲ್ಲಿ ವಯಸ್ಸಿನ ನಿಷೇಧ ಇಲ್ಲ. ಹದಿನೈದು ವರ್ಷ ಆದ ಮೇಲೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳುತ್ತಾ ಹೋಗಬಹುದು. ಖರ್ಚು ಜಾಸ್ತಿಯಾಗಿದೆ, ಸುಳ್ಳಲ್ಲ. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಮಾಡಿದರು. ಕೈ ಸುಡುವ ಮೊತ್ತವೇ. ಆದರೆ ಶುಲ್ಕ ಏರಿಸುವುದು ಬೇರೆ, ಗಾಡಿ ಹೊತ್ತೊಯ್ಯುವುದು ಬೇರೆ.

ನೀವು ಬಾಯಿ ತಪ್ಪಿಯೂ ಹೇಳದ ಮಾತು ಇನ್ನೊಂದಿದೆ. 2021ರ ಜುಲೈ 15ರಂದು ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇರಬೇಕು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲಿನ ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸುವ ಗಾಡಿಗೆ 'ವಿಎ' ಸರಣಿಯ ನಂಬರ್, ಆಗಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರೇ ಉಳಿಯುತ್ತದೆ. ಷರತ್ತೂ ಇದೆ. ದಿನನಿತ್ಯ ಓಡಿಸುವಂತಿಲ್ಲ, ದುಡಿಮೆಗೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅವ್ವನಿಗೆ ಗುಡಿಗೆ ಹೋಗಲು ಗಾಡಿ ಬೇಕಲ್ಲ, ಅದಕ್ಕೆ ನಾವು ಮಾಮೂಲಿ ನೋಂದಣಿಯಲ್ಲೇ ಇಟ್ಟುಕೊಂಡಿದ್ದೇವೆ. ಕೊಂಡವರು ವಿಂಟೇಜ್ ಮಾಡಿಸಿಕೊಳ್ಳಲಿ. ಅಂದರೆ, ನೀವು 'ಗುಜರಿ' ಎನ್ನುವ ಗಾಡಿಗೆ ಸರ್ಕಾರವೇ ಉಳಿಸಿಕೊಳ್ಳುವ ದಾರಿ ಮಾಡಿಕೊಟ್ಟಿದೆ. ಅದು ನಿಮಗೆ ಗೊತ್ತಿದೆ. ಗೊತ್ತಿರುವುದಕ್ಕೇ ನಮ್ಮ ಮನೆಗೆ ಬಂದಿದ್ದೀರಿ.

ಒಬ್ಬ ಮಹಾಶಯರು ಕೆ.ಜಿ. ಲೆಕ್ಕ ಹಾಕಿದರು. ಗಾಡಿ ಸುಮಾರು 900 ಕೆ.ಜಿ., ಅದರಲ್ಲಿ ಸೀಟು, ಗಾಜು, ಟೈರು ಕಳೆದರೆ ಕಬ್ಬಿಣ ಇಷ್ಟು, ರೇಟು ಇಷ್ಟು ಎಂದು ಮೊಬೈಲಿನಲ್ಲೇ ಗುಣಿಸಿ ಅವ್ವನ ಮುಖಕ್ಕೆ ಹಿಡಿದರು. ಅವ್ವ ಶಾಂತವಾಗಿ, 'ತಮ್ಮಾ, ನಿನ್ನ ತೂಕ ಎಷ್ಟದ?' ಎಂದು ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. 75 ಎಂದು ಉತ್ತರ ಕೊಟ್ಟರು.

ಮತ್ತೆ ಮತ್ತೆ ಕೇಳಿದ ಇನ್ನೊಂದು ಮಾತು: 'ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?' ಇದ್ದಾರೆ. ತಮ್ಮ ಪುಣೆಯಲ್ಲಿದ್ದಾನೆ. ಅವನಿಗೆ ಹ್ಯಾಂಡ್ ಗೇರ್ ಹಾಕಲು ಬರುವುದಿಲ್ಲ. ನನಗೆ ಬರುತ್ತದೆ. ಸೇಡಂ ರಸ್ತೆಯಲ್ಲಿ, ವಿಶ್ವವಿದ್ಯಾಲಯದ ಕಡೆ ಜನ ಸಂಚಾರ ಕಡಿಮೆ ಇದ್ದ ಕಾಲದಲ್ಲಿ ಅಪ್ಪ ನನಗೆ ಈ ಗಾಡಿಯಲ್ಲೇ ಕಲಿಸಿದರು. ಈಗ ಭಾನುವಾರ ಹೊರಗೆ ತೆಗೆಯುವುದೂ ನಾನೇ. ನಾನು ಚೋಕ್ ಎಳೆದು ಸ್ಟಾರ್ಟ್ ಮಾಡಿ ತೋರಿಸುತ್ತಿರುವಾಗ ನೀವು ಪಕ್ಕದ ಮನೆ ಹುಡುಗನ ಹತ್ತಿರ ಮೈಲೇಜ್ ಕೇಳುತ್ತೀರಿ. ಅವನು ಕಾಲೇಜಿಗೆ ಹೋಗುವ ದಾರಿಯಲ್ಲಿ ಸುಮ್ನೆ ನಿಂತವನು. ವ್ಯವಹಾರ ನನ್ನ ಜೊತೆ, ಸಹಿ ಅವ್ವನದು. ಇದು ಒಪ್ಪಿಗೆ ಇಲ್ಲದವರು ಬರುವುದೇ ಬೇಡ.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬೆಲೆ ಹತ್ತಿರ ಹತ್ತಿರ ಕೂಡಿಬಂದಾಗಲೆಲ್ಲ ನೀವು ಚೀಲದಿಂದ ಕಾಗದ ತೆಗೆಯುತ್ತೀರಿ. ಗಾಡಿಯ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30. 'ಇಲ್ಲಿ ಸಹಿ ಹಾಕ್ರಿ, ಉಳಿದದ್ದು ನಾವು ತುಂಬ್ಕೋತೀವಿ.' ಕೊಳ್ಳುವವರ ಹೆಸರಿನ ಜಾಗ ಖಾಲಿ. ತಾರೀಖು ಖಾಲಿ. ಯಾಕೆ ಎಂದರೆ, 'ಪಾರ್ಟಿ ಇನ್ನೂ ಫೈನಲ್ ಆಗಿಲ್ಲ, ಓಪನ್ ಇರಲಿ.' ಅಂದರೆ ಗಾಡಿ ನಮ್ಮ ಶೆಡ್ಡಿನಿಂದ ಹೋಗುತ್ತದೆ, ಹೆಸರು ಮಾತ್ರ ನಮ್ಮದೇ ಇರುತ್ತದೆ. ನೀವು ಯಾರಿಗೆ ಮಾರುತ್ತೀರೋ, ಅವರು ಯಾರಿಗೆ ಮಾರುತ್ತಾರೋ, ಯಾವ ಹೆದ್ದಾರಿಯಲ್ಲಿ ಯಾರಿಗೆ ಗುದ್ದುತ್ತಾರೋ, ಸಮನ್ಸ್ ಬರುವುದು ಬ್ರಹ್ಮಪುರದ ಎಂಬತ್ತು ದಾಟಿದ ಹೆಣ್ಣುಮಗಳ ಹೆಸರಿಗೆ.

ಇದು ನನ್ನ ಕಲ್ಪನೆ ಅಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಾರು ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಆಮೇಲೆ ಅಪಘಾತ. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಕೋರ್ಟ್ ಹೇಳಿತು. ನಾನು ಮಾರಿಬಿಟ್ಟಿದ್ದೆ ಎಂಬ ಮಾತು ನಡೆಯಲಿಲ್ಲ.

ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಇದಕ್ಕೆಂದೇ ಇದೆ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಸಾರಿಗೆ ಇಲಾಖೆಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಕೊಡಬೇಕು. ಹೊರ ರಾಜ್ಯಕ್ಕೆ ಹೋಗುವುದಿದ್ದರೆ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಹೈದರಾಬಾದ್, ಪುಣೆ ಕಡೆಯವರು 'ಎನ್‌ಒಸಿಗೆ ವರ್ಷ ಹಿಡೀತದ, ಆಮೇಲೆ ನೋಡೋಣ' ಎನ್ನುತ್ತೀರಿ. ಅರ್ಜಿ ಕೊಟ್ಟು 30 ದಿನದೊಳಗೆ ಇಲ್ಲ ಎಂದು ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ. ಓದಿ ನೋಡಿ. ಇನ್ನು ನೀವು ಕೊಂಡು ಮಾರುವ ಡೀಲರುಗಳೇ ಆಗಿದ್ದರೆ, 2023ರ ಏಪ್ರಿಲ್ 1ರಿಂದ ನಿಮಗೂ ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರ ಬೇಕು. ಗಾಡಿ ನಿಮ್ಮ ಕೈಗೆ ಬಂದದ್ದನ್ನು ಫಾರ್ಮ್ 29-ಸಿ ಮೂಲಕ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಹೊಣೆ ನಿಮ್ಮದು. 'ಪಾರ್ಟಿ ಫೈನಲ್ ಆಗಿಲ್ಲ' ಎಂಬ ನಿಮ್ಮ ತೊಂದರೆಗೆ ಕಾನೂನಿನಲ್ಲೇ ಉಪಾಯ ಇದೆ ನೋಡಿ. ಆ ಪ್ರಮಾಣಪತ್ರ ತೋರಿಸಿ ಎಂದರೆ ಎಲ್ಲರೂ ವಿಸಿಟಿಂಗ್ ಕಾರ್ಡ್ ತೋರಿಸುತ್ತೀರಿ.

ನಮ್ಮ ಕಾಗದ ಸರಿಯಾಗಿದೆ. ಅಪ್ಪ ತೀರಿಕೊಂಡ ಮೇಲೆ ನಾಡಕಚೇರಿಯಿಂದ ವಂಶವೃಕ್ಷ ತಂದು, ಅಕ್ಕತಂಗಿ, ತಮ್ಮ ಎಲ್ಲರ ಒಪ್ಪಿಗೆ ಬರೆಸಿ, ಫಾರ್ಮ್ 31 ಕೊಟ್ಟು ಆರ್‌ಸಿಯನ್ನು ಅವ್ವನ ಹೆಸರಿಗೆ ಮಾಡಿಸಿದ್ದೇವೆ. ವಿಮೆ ಚಾಲ್ತಿಯಲ್ಲಿದೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆ. ನಾವು ಇಷ್ಟು ಓಡಾಡಿ ಮಾಡಿಸಿದ್ದು ಖಾಲಿ ಫಾರ್ಮಿಗೆ ಸಹಿ ಹಾಕುವುದಕ್ಕಲ್ಲ.

ಕಾಗದದ ವಿಷಯದಲ್ಲೇ ಎಲ್ಲಕ್ಕಿಂತ ಕೆಟ್ಟ ಮಾತು ಒಂದು ಸಂಜೆ ಬಂತು. ನಯವಾಗಿ ಮಾತಾಡುವ ಮನುಷ್ಯ. ಗಾಡಿ ಹೊಗಳಿದ, ಅಪ್ಪನ ನೋಟುಪುಸ್ತಕ ತಿರುವಿ ನೋಡಿದ. ಕೊನೆಗೆ, 'ಗಾಡಿ ನೀವೇ ಇಟ್ಕೊಳ್ರಿ ಅಕ್ಕಾರ, ನಮಗ ಆರ್‌ಸಿ ಬುಕ್ ಅಷ್ಟೇ ಕೊಡ್ರಿ, ಚಾಸಿ ಪ್ಲೇಟ್ ಬಿಚ್ಕೋತೀವಿ' ಎಂದ. ಗಾಡಿಗೆ ಹೇಳಿದ ಬೆಲೆಗಿಂತ ಅದಕ್ಕೆ ಕೊಡುವ ಬೆಲೆ ಜಾಸ್ತಿ! ಎಲ್ಲೋ ಕಾಗದ ಇಲ್ಲದ ಒಂದು ಫಿಯಟ್ ಇರಬೇಕು, ಅದಕ್ಕೆ ನಮ್ಮ ಅಜ್ಜನ ಹೆಸರು ಕಟ್ಟುವ ಯೋಚನೆ. ಚಾಸಿ ನಂಬರ್ ತಿದ್ದುವುದು ಅಪರಾಧ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೇರೆ ಮನೆಯವರಿಗೆ ಹೇಳುತ್ತಿದ್ದೇನೆ. ಇಂಥ ಮಾತು ಬಂದರೆ ಚಹಾ ಕೂಡ ಕೊಡಬೇಡಿ. ಆರ್‌ಸಿ ಬುಕ್ಕಿನ ಫೋಟೋ, ಚಾಸಿ ನಂಬರಿನ ಫೋಟೋ ಯಾರಿಗೂ ವಾಟ್ಸಾಪ್ ಮಾಡಬೇಡಿ. ನೋಡುವವರು ಮನೆಗೆ ಬಂದು ನೋಡಲಿ.

ಇನ್ನು ಸಂಗ್ರಾಹಕರು ಎಂದು ಹೇಳಿಕೊಳ್ಳುವವರಿಗೆ ಒಂದು ಮಾತು. ನಿಮ್ಮಲ್ಲಿ ಒಬ್ಬರು ಬಂದು ಗಾಡಿ ಚೆನ್ನಾಗಿದೆ ಎಂದು ಕೈಮುಗಿದು, ಆಮೇಲೆ ಏನೇನು ಮಾಡುತ್ತೇವೆ ಎಂದು ಖುಷಿಯಿಂದ ವಿವರಿಸಿದರು. ಹಳೇ ಎಂಜಿನ್ ತೆಗೆದು ಹೊಸ ಕಾಲದ್ದು ಕೂರಿಸುವುದು, ಫ್ಲೋರ್ ಗೇರ್, ಅಲಾಯ್ ವೀಲ್, ಎಸಿ, ಎರಡು ಬಣ್ಣ. ಸೀಟು ಕೆಂಪು ಲೆದರ್. ಆಮೇಲೆ ಉಳಿಯುವುದು ಏನು ಸ್ವಾಮಿ? ಎಂಜಿನ್ ಬದಲಿಸಿದ ಮರುಕ್ಷಣ ಅದು ವಿಂಟೇಜ್ ನಿಯಮದಿಂದ ಹೊರಗೆ ಬೀಳುತ್ತದೆ. ಇಲಾಖೆಯ ಒಪ್ಪಿಗೆ ಇಲ್ಲದೆ ಹೀಗೆ ಬದಲಿಸಿದರೆ 52ನೇ ಕಲಂ ಪ್ರಕಾರವೂ ತಪ್ಪು. ಕೊಂಡ ಮೇಲೆ ಗಾಡಿ ನಿಮ್ಮದು, ಒಪ್ಪುತ್ತೇನೆ. ಆದರೆ ಯಾರಿಗೆ ಮಾರಬೇಕು ಎಂಬುದು ಅಲ್ಲಿಯವರೆಗೆ ನಮ್ಮದು. ಮದುವೆ ಮೆರವಣಿಗೆಗೆ, ಫೋಟೋ ಶೂಟಿಗೆ ಬಾಡಿಗೆ ಬಿಡುತ್ತೇವೆ ಎಂದವರಿಗೂ ಇದೇ ಉತ್ತರ. ಸ್ವಂತದ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ.

ಎಲ್ಲರೂ ಹೀಗೇ ಎಂದು ಬರೆದರೆ ಅನ್ಯಾಯವಾದೀತು. ಬೀದರ್ ಕಡೆಯಿಂದ ಒಬ್ಬರು ಬಂದಿದ್ದರು, ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು. ಮಡ್‌ಗಾರ್ಡ್, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ಮೂಲೆ, ಎಲ್ಲೆಡೆ ಹಿಡಿದು ನೋಡಿದರು. ಪುಟ್ಟಿ ಇದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. ಮ್ಯಾಟ್ ಎತ್ತಿ ಫ್ಲೋರ್ ನೋಡಿದರು, ಟಾರ್ಚ್ ಬಿಟ್ಟು ನಂಬರ್ ಓದಿದರು, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಲು ನನಗೇ ಹೇಳಿದರು. ಡಿಕ್ಕಿಯಲ್ಲಿದ್ದ ಬಿಡಿಭಾಗಗಳ ಪೆಟ್ಟಿಗೆ ನೋಡಿ, 'ಇದನ್ನ ಗಾಡಿ ಜೋಡಿನೇ ಕೊಡ್ರಿ, ಬ್ಯಾರೆ ಮಾರಬ್ಯಾಡ್ರಿ, ಮುಂದ ಸಿಗಂಗಿಲ್ಲ' ಎಂದರು. ನಿಜ. ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರಿಗೆ ಮುಗಿಯಿತು. ಅವುಗಳಿಗಾಗಿ ನಡೆಯುತ್ತಿದ್ದ ಬಿಡಿಭಾಗದ ವ್ಯಾಪಾರ ಇನ್ನೆಷ್ಟು ದಿನ? ನಾವು ಹೇಳಿದ ಬೆಲೆ ಅವರ ಕೈಗೆ ಎಟುಕಲಿಲ್ಲ. ಚೌಕಾಸಿ ಮಾಡದೆ, ಚಹಾ ಕುಡಿದು, ಅವ್ವನಿಗೆ ನಮಸ್ಕಾರ ಮಾಡಿ ಹೋದರು. ಅವರಿಗೇ ಸ್ವಲ್ಪ ಕಡಿಮೆಗೆ ಕೊಟ್ಟುಬಿಡೋಣ ಎಂದು ಅವ್ವ ಈಗಲೂ ಹೇಳುತ್ತಾಳೆ. ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮತ್ತೊಮ್ಮೆ ಫೋನ್ ಮಾಡಲಿ.

ಉಳಿದವರಲ್ಲಿ ನನ್ನ ವಿನಂತಿ ಇಷ್ಟು. ವಯಸ್ಸಾದವರನ್ನು ಸರ್ಕಾರದ ಹೆಸರು ಹೇಳಿ ಹೆದರಿಸುವುದನ್ನು ಬಿಡಿ. ಮಾರುವುದಿಲ್ಲ ಎಂದ ಮನೆಗೆ ಮತ್ತೆ ಮತ್ತೆ ಹೋಗಬೇಡಿ, ಮಗನಿಗೊಂದು ಮಗಳಿಗೊಂದು ಬೆಲೆ ಹೇಳಿ ಮನೆಯೊಳಗೆ ಜಗಳ ಹಚ್ಚಬೇಡಿ. ಹಾಗೆ ಒಡೆದ ಮನೆ ನಮ್ಮ ಓಣಿಯಲ್ಲೇ ಇದೆ. ಡೀಲರ್ ಆಗಿದ್ದರೆ ಅಧಿಕೃತ ಪ್ರಮಾಣಪತ್ರ ತನ್ನಿ. ಸ್ವಂತಕ್ಕೆ ಕೊಳ್ಳುವವರಾದರೆ ನಿಮ್ಮ ಆಧಾರ್, ವಿಳಾಸದ ದಾಖಲೆ ತನ್ನಿ. ಫಾರ್ಮುಗಳನ್ನು ನಮ್ಮ ಎದುರೇ ಪೂರ್ತಿ ತುಂಬೋಣ, ಪ್ರತಿ ಪುಟದ ಒಂದೊಂದು ಪ್ರತಿ ನಮಗೂ ಇರಲಿ. ಹಣ ಅವ್ವನ ಬ್ಯಾಂಕ್ ಖಾತೆಗೆ ಬರಬೇಕು. ಎರಡು ಲಕ್ಷ ಅಥವಾ ಅದಕ್ಕೂ ಮೇಲೆ ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಚೀಲದಲ್ಲಿ ನೋಟು ತಂದು ಆಸೆ ತೋರಿಸಬೇಡಿ. ಅರ್ಧ ಹಣ ಬಂದ ಮೇಲೆ ಹೆಸರು ಬದಲಾವಣೆಯ ಅರ್ಜಿ ಸಲ್ಲಿಸೋಣ. ಉಳಿದರ್ಧ ಬಂದು, ಆರ್‌ಸಿಯಲ್ಲಿ ನಿಮ್ಮ ಹೆಸರು ಕಂಡ ದಿನ ಗಾಡಿ ಕೊಡುತ್ತೇವೆ. ಅಲ್ಲಿಯವರೆಗೆ ಅದು ಶೆಡ್ಡಿನಲ್ಲೇ ಇರುತ್ತದೆ, ಭಾನುವಾರ ನಾನು ಓಡಿಸುತ್ತಿರುತ್ತೇನೆ, ವಿಮೆಯ ಖರ್ಚು ನಮ್ಮದು. ಇಷ್ಟು ದಿನ ಕಾಯಲು ಆಗುವುದಿಲ್ಲ ಎನ್ನುವವರಿಗೆ ಒಂದೇ ಪ್ರಶ್ನೆ. ಈ ಗಾಡಿ 1970ರಿಂದ ಇಲ್ಲೇ ನಿಂತಿದೆ, ನಿಮಗೆ ಇಷ್ಟು ಅವಸರ ಯಾಕೆ?

ಬೆಲೆ ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಹೇಳುತ್ತೇನೆ, ಎಲ್ಲರಿಗೂ ಒಂದೇ ಬೆಲೆ. ಗಾಡಿ ಮೂಲ ರೂಪದಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಮಾತ್ರ ಸ್ವಲ್ಪ ಬಿಡುವ ಮನಸ್ಸಿದೆ. ಮನೆ ಕೆಡವಿ ಹೊಸದು ಕಟ್ಟುವ ಕೆಲಸ ಮುಂದಿದೆ, ಶೆಡ್ಡು ಉಳಿಯುವುದಿಲ್ಲ, ಆದ್ದರಿಂದ ಮಾರುವುದು ಖಂಡಿತ. ಆದರೆ ಸರಿಯಾದವರು ಸಿಗದಿದ್ದರೆ ಪರಿಚಯದವರ ಗೋದಾಮಿನಲ್ಲಿ ಒಂದು ಮೂಲೆ ಕೇಳಿಟ್ಟಿದ್ದೇನೆ. ನಿಮ್ಮ ಲೆಕ್ಕಾಚಾರಕ್ಕೆ ಇದೂ ಗೊತ್ತಿರಲಿ.

ನೋಡಲು ಬರುವವರು ಮೊದಲೇ ಫೋನ್ ಮಾಡಿ, ಬೆಳಿಗ್ಗೆ ಎಂಟರೊಳಗೆ ಬನ್ನಿ. ಎಂಜಿನ್ ತಣ್ಣಗಿರುತ್ತದೆ, ಸ್ಟಾರ್ಟ್ ಮಾಡಿ ನೋಡಲು ಅದೇ ಸರಿಯಾದ ಹೊತ್ತು. ಮಧ್ಯಾಹ್ನ ನಮ್ಮೂರ ಬಿಸಿಲಿನಲ್ಲಿ ಬೋನೆಟ್ ಮುಟ್ಟಲೂ ಆಗುವುದಿಲ್ಲ. ನಿಮ್ಮ ಮಿಸ್ತ್ರಿಯನ್ನೂ ಕರೆತನ್ನಿ, ಅಯಸ್ಕಾಂತವನ್ನೂ ತನ್ನಿ. ಖಾಲಿ ಫಾರ್ಮ್ ತರಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಫಿಯಟ್ ಮನೆಯ ಹಿರಿಮಗಳು
ಬ್ರಹ್ಮಪುರ, ಕಲಬುರಗಿ